ನಡುದಾರಿಯಲ್ಲಿ ನಿಂತ ವಿಡಿಯೊ

ಇನ್ನೂ ಬೆಳಕು ಹರಿದಿಲ್ಲ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಡಯಾಲಿಸಿಸ್ ಯಂತ್ರಗಳನ್ನು ಆಗಷ್ಟೇ ತೊಳೆದು ಸಜ್ಜು ಮಾಡಿಟ್ಟಿದ್ದಾರೆ ಇಲ್ಲಿನ ತಂತ್ರಜ್ಞ. ರೋಗಿಗಳ ಬಾಯಲ್ಲಿ ಇವರು 'ಮಷೀನಣ್ಣ'. ಈಗ ಮೆಟ್ಟಿಲ ಮೇಲೆ, ಇವರ ಬಗ್ಗೆ ಬರೆಯಲು ಬಂದ ನನ್ನ ಪಕ್ಕ ಕೂತು, ತೊಡೆಯ ಮೇಲಿನ ಲ್ಯಾಪ್‌ಟಾಪ್ ನೋಡುತ್ತ ಕಣ್ಣುಜ್ಜುತ್ತಿದ್ದಾರೆ. ನೆಟ್ ಸಿಗುವುದು ಈ ಮೆಟ್ಟಿಲ ಹತ್ತಿರ ಮಾತ್ರ.

"ನಿನ್ನೆವರೆಗೂ ಸರಿ ಇತ್ತು. ಈಗ ಅರ್ಧಕ್ಕೇ ನಿಲ್ತಿದೆ. ಮತ್ತೇನೋ ಬದಲಾಯಿಸಿದ್ದಾರೆ, ಪುಣ್ಯಾತ್ಮರು!"

ಕೆಟ್ಟಿರುವುದು ಇವರೇ ಬರೆದ ತಂತ್ರಾಂಶ. ನೆಟ್‌ನಲ್ಲಿರುವ ವಿಡಿಯೊಗಳನ್ನು ಮೊದಲೇ ಫೋನಿಗೆ ಇಳಿಸಿಟ್ಟುಕೊಳ್ಳಲು ಅದು ಬೇಕು. ರೋಗಿಗಳು ಇಲ್ಲಿ ನಾಲ್ಕು ಗಂಟೆ ಕೈ ಅಲ್ಲಾಡಿಸದೆ ಮಲಗಬೇಕು, ಕೆಳಗೆ ನೆಟ್ ಬಾರದು. ಅವರ ಬೇಸರ ನೋಡಲಾಗದೆ ಇವರು ಬಿಡುವಿನಲ್ಲಿ ಕಲಿತು ಮಾಡಿದ್ದು, ಪುಕ್ಕಟೆ ಹಂಚಿದ್ದು. ಈಗ ಕಾಣದ ಊರುಗಳ ಸಾವಿರಾರು ಜನ ಬಳಸುತ್ತಾರೆ. ರಿಪೇರಿಗೆ ಮಾತ್ರ ಇವರೊಬ್ಬರೇ.

ವಿಡಿಯೊ ಇಡಿಯಾಗಿ ಬರುವುದಿಲ್ಲ, ನೂರಾರು ತುಣುಕಾಗಿ ಬರುತ್ತದೆ. ಅವನ್ನೆಲ್ಲ ಹುಡುಕಿ ಸಾಲಾಗಿ ಜೋಡಿಸಬೇಕು. ಜಾಲತಾಣದವರು ಹೇಳದೆ ಕೇಳದೆ ತುಣುಕುಗಳ ಜಾಗ ಬದಲಿಸಿದರೆ ಎಲ್ಲ ಕೆಲಸವೂ ಮೊದಲಿನಿಂದ. "ಅವರ ಮೇಲೆ ಸಿಟ್ಟಿಲ್ಲ. ಅವರ ಮನೆ, ಅವರ ಬಾಗಿಲು. ಬೀಗ ಹಾಕಿದ್ದನ್ನ, ದುಡ್ಡು ಕೊಟ್ಟು ನೋಡೋದನ್ನ ನಾನು ಮುಟ್ಟಲ್ಲ. ಎಲ್ಲರಿಗೂ ಅಂತ ತೆರೆದಿಟ್ಟಿದ್ದನ್ನೂ ದಿನಾ ಬೇರೆ ಕಡೆ ಇಟ್ರೆ ಎಲ್ಲಿ ಅಂತ ಹುಡುಕ್ಲಿ?"

ಬೆಳಗಾಗುವಷ್ಟರಲ್ಲಿ ದೂರುಗಳು ಸಾಲುಗಟ್ಟಿವೆ. ಹೆಚ್ಚಿನವು ಒಂದೇ ಮಾತು: ಕೆಲಸ ಮಾಡ್ತಿಲ್ಲ. ಯಾವ ವಿಡಿಯೊ, ಯಾವ ಫೋನು? ಊಹೂಂ. "ಡಾಕ್ಟ್ರ ಹತ್ರ ಬಂದು 'ನೋವು' ಅಂತ ಹೇಳಿ ಎದ್ದು ಹೋದ ಹಾಗೆ," ಎಂದು ನಗುತ್ತಾರೆ. ಒಬ್ಬನಂತೂ 'ಸೋಮಾರಿ, ಮಾಡಕ್ಕಾಗದಿದ್ರೆ ಮುಚ್ಚು' ಎಂದು ಬರೆದಿದ್ದಾನೆ. ಓದಿ ನನಗೇ ಮೈ ಉರಿಯಿತು. ಬಿಟ್ಟಿ ಸಿಕ್ಕಿದ್ದಕ್ಕೆ ಇಷ್ಟು ಜೋರೇ! ಇವರು 'ನೋಡ್ತೀನಿ' ಎಂದಷ್ಟೇ ಉತ್ತರಿಸುತ್ತಾರೆ.

ಹೊಲಿಗೆ ಅಂಗಡಿ ನಡೆಸುವ ಹೆಂಡತಿಗೆ ಈ ತಾಳ್ಮೆ ಇಲ್ಲ. "ಮನೆಗೆ ಮಾರಿ, ಊರಿಗೆ ಉಪಕಾರಿ ಅಂದ್ರೆ ಇವ್ರೇ. ಊಟಕ್ಕೆ ಕೂತ್ರೂ ಕಣ್ಣು ಫೋನಲ್ಲಿ. ಬಿಟ್ಟುಬಿಡ್ತೀನಿ ಅಂತ ಮಾತು ಕೊಟ್ಟಿದ್ದಾರೆ, ನೋಡೋಣ," ಎಂದಿದ್ದರು ನನ್ನೊಡನೆ. ಮಾತು ಕೊಟ್ಟದ್ದು ನಿಜ. ಆದರೆ ತಂತ್ರಾಂಶದ ಹೊಣೆ ವಹಿಸಿಕೊಳ್ಳಲು ಬಂದ ಒಬ್ಬನೇ ಒಬ್ಬ, ವಾರದ ಬೈಗುಳ ಓದಿ ಕಾಲಿಗೆ ಬುದ್ಧಿ ಹೇಳಿದ.

ಅಷ್ಟರಲ್ಲಿ ಮೊದಲ ಪಾಳಿಯ ರೋಗಿಗಳು ಬರುತ್ತಾರೆ. ಮೂಲೆಯ ಕುರ್ಚಿ ನಿವೃತ್ತ ಬಸ್ ಡ್ರೈವರ್‌ದು. ಅವರಿಗೆ ಸಿನಿಮಾ ಬೇಡ, ಸುದ್ದಿ ಬೇಡ. ಬಸ್ಸಿನ ಮುಂದಿನ ಗಾಜಿನಿಂದ ತೆಗೆದ ರಸ್ತೆಯ ವಿಡಿಯೊ ಬೇಕು, ಅದೂ ನಾಲ್ಕು ಗಂಟೆಯದು. ಸೂಜಿ ಚುಚ್ಚಿದ ಕೈ ಸುಮ್ಮನಿದ್ದರೂ ತಿರುವು ಬಂದಾಗ ಬಲಗಾಲು ಬ್ರೇಕ್ ಒತ್ತುತ್ತದೆ.

ಯಂತ್ರ ಜೋಡಿಸಿ, ಮಷೀನಣ್ಣ ಫೋನ್ ಕೊಡುತ್ತಾರೆ. "ಸದ್ಯಕ್ಕೆ ಅರ್ಧ ದಾರಿ ಇದೆ ಯಜಮಾನ್ರೇ. ಮಿಕ್ಕಿದ್ದು ಅಷ್ಟರೊಳಗೆ ತರ್ತೀನಿ."

"ಗುಡ್ಡ ಹತ್ತಿಸಿ ನಡುದಾರೀಲಿ ಇಳಿಸಿಬಿಡ್ಬೇಡ ಕಣಪ್ಪ. ನನ್ನ ಸರ್ವಿಸ್ನಲ್ಲಿ ನಾನು ಯಾರನ್ನೂ ಹಾಗೆ ಇಳಿಸಿಲ್ಲ."

ಯಂತ್ರವೊಂದು ಕೂಗಿದರೆ ಒಳಗೆ ಓಡುವುದು, ಸರಿಪಡಿಸಿ ಮತ್ತೆ ಮೆಟ್ಟಿಲಿಗೆ ಬರುವುದು. ನಾನು ತಂದುಕೊಟ್ಟ ಚಹಾ ಕೆನೆಗಟ್ಟಿದೆ. ಎರಡು ಸಲ ಜೋಡಿಸಿದ ವಿಡಿಯೊ ಎರಡು ಸಲವೂ ನಡುವೆ ತುಂಡಾಯಿತು. ಮೂರನೆಯ ಸಲ ಕೂಡಿಕೊಂಡಿತು; ಎದ್ದು ಒಳಗೆ ಹೋಗುತ್ತಾರೆ. ಡ್ರೈವರ್ ಗುಡ್ಡದ ನೆತ್ತಿಯಲ್ಲಿದ್ದಾರೆ. ಇನ್ನೊಂದು ಫೋನ್ ಅವರ ಮುಂದೆ ಬರುತ್ತದೆ, ರಸ್ತೆ ಕೆಳಗಿಳಿಯತೊಡಗುತ್ತದೆ. ನನಗೇ ಉಸಿರು ಬಂದಂತಾಯಿತು.

"ಮುಖ ನೋಡು, ಹೇಗೆ ಬಾಡಿದೆ," ಎನ್ನುತ್ತಾರೆ ಡ್ರೈವರ್, ರಸ್ತೆಯಿಂದ ಕಣ್ಣು ತೆಗೆಯದೆ. "ರಜಾ ಹಾಕಬಾರ್ದಾ?"

ಮಷೀನಣ್ಣ ಪಕ್ಕದ ಸ್ಟೂಲಿನಲ್ಲಿ ಕುಸಿದು ಕೂರುತ್ತಾರೆ.

"ಬದಲಿ ಡ್ರೈವರ್ ಒಬ್ಬ ಸಿಗ್ಲಿ ಯಜಮಾನ್ರೇ. ಸ್ಟಿಯರಿಂಗ್ ಅವನ ಕೈಗೆ ಕೊಟ್ಟು, ಹಿಂದಿನ ಸೀಟಲ್ಲಿ ಒಂದು ನಿದ್ದೆ ಮಾಡ್ತೀನಿ. ಬಸ್ಸು ಎಲ್ಲಿಗೆ ಹೋಗ್ತಿದೆ ಅಂತಾನೂ ಕೇಳಲ್ಲ."