ಚಿಗವ್ವನ ಮಗ್ಗದ ಕುಣಿಯಲ್ಲಿ ನಡೆದ ವಾರ್ಡ್ ಸಭೆ

ನವನಗರದಲ್ಲಿ ಒಂದು ದಿನದ ತರಬೇತಿ ಮುಗಿಸಿ ಬಂದ ಮೇಲೆ ಸುಮಾರು ಎಂಟು ದಿನ ನಾನು ಮನುಷ್ಯನಾಗಿರಲಿಲ್ಲ, ಸುಧಾರಕನಾಗಿದ್ದೆ. ಪಂಚಾಯ್ತಿಯ ವಾರ್ಡ್ ಸಭೆಗೆ ಜನ ಸೇರಿಸುವ ಸ್ವಯಂಸೇವಕರಿಗೆ ಕೊಟ್ಟ ತರಬೇತಿ ಅದು. ಮಧ್ಯಾಹ್ನ ಗೋಧಿ ಹುಗ್ಗಿಯನ್ನು ಎರಡು ಸಲ ಹಾಕಿಸಿಕೊಂಡಿದ್ದರಿಂದ ಆಮೇಲಿನ ಪಾಠದಲ್ಲಿ ನನ್ನ ತಲೆಗೆ ಹೋದದ್ದು ಒಂದೇ ಮಾತು: ಜನ ನಿಮ್ಮ ಹತ್ತಿರ ಬರುವುದಿಲ್ಲ, ನೀವೇ ಜನರ ಹತ್ತಿರ ಹೋಗಿ. ಮುಂದೇನು ಹೇಳಿದರೋ ಗೊತ್ತಿಲ್ಲ, ನನಗೆ ಗೊರಕೆ ಬಂದಿತ್ತಂತೆ.

ನಮ್ಮೂರು ಇಳಕಲ್ಲಿಗೂ ಹುನಗುಂದಕ್ಕೂ ನಡುವೆ. ಓಣಿಯ ಅರ್ಧ ಮನೆಗಳಲ್ಲಿ ಸೀರೆ ನೇಯುವ ಮಗ್ಗಗಳಿವೆ. ಅದರಲ್ಲೊಂದು ಚಿಗವ್ವನದು. ನನಗೆ ಸಂಬಂಧವೇನಿಲ್ಲ, ಓಣಿಯವರೆಲ್ಲ ಅವಳನ್ನು ಕರೆಯುವುದೇ ಹಾಗೆ. ನೇಯುವವರು ಕಾಲು ಇಳಿಬಿಟ್ಟು ಕೂರುವ ಅವಳ ಮಗ್ಗದ ಕುಣಿಯೊಳಗೆ ಗಟಾರದ ನೀರು ಜಿನುಗುತ್ತಿತ್ತು. ದಿನಾ ಬೆಳಿಗ್ಗೆ ಚರಿಗೆಯಿಂದ ತೋಡಿ ಹೊರಗೆ ಚೆಲ್ಲಿ ಆಮೇಲೆ ನೇಯಲು ಕೂರುತ್ತಿದ್ದಳು. ಮಳೆ ಹಿಡಿದರೆ ತೋಡಿದರೂ ತೀರುವುದಿಲ್ಲ, ಮಗ್ಗವನ್ನೇ ನಿಲ್ಲಿಸಬೇಕು. ಗಟಾರದ ಕೆಲಸ ಈ ವರ್ಷದ ಪಟ್ಟಿಗೆ ಸೇರಲು ವಾರ್ಡ್ ಸಭೆ ನಿರ್ಣಯ ಮಾಡಿ ಠರಾವು ಬರೆಯಬೇಕು. ಠರಾವಿಗೆ ಜನ ಬೇಕು.

"ಜನಾ ನಾ ಕೂಡಸ್ತೇನಿ ಚಿಗವ್ವಾ. ನೀ ಅರಾಮ ಇರು," ಎಂದೆ.

"ನೀ ಹಿಂಗಂದಾಗೆಲ್ಲಾ ನನಗ ಅಂಜಿಕಿ ಬರ್ತೈತಿ," ಎಂದಳು.

ಪಂಚಾಯ್ತಿಯಿಂದ ಹಾಜರಿ ಪುಸ್ತಕ ತಂದು ಎರಡು ದಿನ ಮುಂಚೆಯೇ ಮನೆಮನೆಗೆ ಹೋದೆ. ಸಭೆಯ ದಿನ ಸಹಿಗಾಗಿ ನೂಕುನುಗ್ಗಲಾಗಬಾರದು ಎಂಬ ದೂರಾಲೋಚನೆ. ರೊಟ್ಟಿ ಬಡಿಯುತ್ತಿದ್ದವರು ಹಿಟ್ಟಿನ ಕೈಯಲ್ಲೇ ಸಹಿ ಮಾಡಿದರು. ಎದುರು ಮನೆಯ ಕಾಕಾ ತನ್ನ ಮನೆಯವರದ್ದನ್ನೆಲ್ಲ ತಾನೇ ಹಾಕಿಬಿಡಲೇ ಎಂದು ಕೇಳಿದ. ಅದಕ್ಕೆ ಮಾತ್ರ ಒಪ್ಪಲಿಲ್ಲ, ನಾನು ತರಬೇತಿ ಪಡೆದವನು. ಸಂಜೆಯ ಹೊತ್ತಿಗೆ ಮೂರು ಪುಟ ತುಂಬಿತು.

ಸಭೆಯ ದಿನ ಶಾಲೆಯ ಅಂಗಳದಲ್ಲಿ ಜಮಖಾನೆ ಹಾಸಿದೆ. ಬಂದವರು ಇಬ್ಬರು. ಬಾದಾಮಿ ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದಿದ್ದ ಪಂಚಾಯ್ತಿ ಅಧಿಕಾರಿ, ಮತ್ತು ಚಿಗವ್ವ. ಓಡಿಹೋಗಿ ಕಾಕಾನ ಬಾಗಿಲು ಬಡಿದೆ.

"ಸಹಿ ಹಾಕೇನಲ್ಲೋ," ಎಂದ ಕಾಕಾ.

"ಸಭಾ ಇವತ್ತ ಐತಿ ಕಾಕಾ."

"ಹಂಗಾದ್ರ ಮೊನ್ನಿ ನೀ ಬಂದಿದ್ದಿಯಲ್ಲ, ಅದೇನು?"

ಮುಂದಿನ ಬಾಗಿಲು ಬಡಿದೆ. ಓಣಿಯ ತುಂಬ ಇದೇ ಮಾತು. ಬರಿಗೈಯಲ್ಲಿ ಮರಳಿದಾಗ ಅಧಿಕಾರಿ ಪುಸ್ತಕ ತಿರುವುತ್ತಿದ್ದರು.

"ಮೂರು ಪುಟ ಮಂದಿ ಹಾಜರ್ ಅದಾರಲ್ಲ. ಎಲ್ಲಿ ಕುಂತಾರ್ರಿ? ನನ್ನ ಕಣ್ಣಿಗೇನರ ಆಗೇತೇನು?"

ನಾನು ಜಮಖಾನೆಯ ಅಂಚು ಸರಿಪಡಿಸಿದೆ.

"ಈಗ ಸಭಾದ ಫೋಟೋನೂ ಕಳಸಬೇಕು. ಜಮಖಾನೀದ ಕಳಸ್ಲೇನು? ರದ್ದು ಮಾಡ್ತೇನಿ. ಇನ್ನ ಮಳಿಗಾಲ ಮುಗದ ಮ್ಯಾಲೆ ನೋಡೂಣು."

ಮಳೆಗಾಲ ಎಂದದ್ದೇ ಚಿಗವ್ವ ಎದ್ದು ನಿಂತಳು. "ಸಾಹೇಬ್ರ, ಮಂದಿ ಓಣ್ಯಾಗ ಅದಾರ. ಸಭಾನ ಅಲ್ಲಿಗೆ ತಗೊಂಡ ಬರ್ರಿ."

ಅಧಿಕಾರಿ ಅವಳನ್ನು ನೋಡಿದರು, ನನ್ನನ್ನು ನೋಡಿದರು, ಅವಳ ಮಾತನ್ನೇ ನಂಬಿದರು. ನಾನು ಜಮಖಾನೆ ತಲೆಯ ಮೇಲೆ ಹೊತ್ತು ಹಿಂದೆ ನಡೆದೆ.

ಚಿಗವ್ವನ ಮನೆಯಲ್ಲಿ ಕುರ್ಚಿ ಇರಲಿಲ್ಲ. ಮಗ್ಗದ ಹಲಗೆ ತೋರಿಸಿದಳು. ಅವರು ಬೂಟು ಹೊರಗೆ ಬಿಟ್ಟು, ನೇಕಾರರ ಹಾಗೆ ಕೂತು, ಕುಣಿಯೊಳಗೆ ಕಾಲು ಇಳಿಬಿಟ್ಟರು. ಮೊದಲು ಮುಖ ಬದಲಾಯಿತು, ಕಾಲು ಆಮೇಲೆ ಮೇಲೆ ಬಂತು.

"ಕಾಲಚೀಲಾ ತೊಯ್ದುವಲ್ಲ ನಮ್ಮವ್ವಾ."

"ಇವತ್ತ ಕಡಿಮಿ ಅದಾವ್ರಿ ನೀರು. ನೀವು ಬರ್ತೀರಂತ ಗೊತ್ತಿದ್ರ ಮುಂಜಾನಿ ತೋಡ್ತಿದ್ದಿಲ್ಲ."

ಸಾಹೇಬರು ಮಗ್ಗದ ಕುಣಿಗೆ ಇಳಿದರಂತೆ ಎಂಬ ಸುದ್ದಿ ಡಂಗುರವಿಲ್ಲದೆ ಓಣಿ ಸುತ್ತಿತು. ಕಾಕಾ ಬಂದ, ಕಾಕಾನ ಹಿಂದೆ ಅವನ ಮನೆಯವರೆಲ್ಲ ಬಂದರು. ಸಹಿ ಹಾಕದವರೂ ಬಂದರು. ಅಧಿಕಾರಿ ಕಾಲುಚೀಲ ಹಿಂಡುತ್ತ, ಈ ನೀರು ಮುಂದೆ ಹೋಗದೆ ಎಲ್ಲಿ ನಿಲ್ಲುತ್ತದೆ ನೋಡೋಣ ಎಂದು ಬರಿಗಾಲಲ್ಲಿ ಗಟಾರದ ಗುಂಟ ಹೊರಟರು. ಹಿಂದೆ ಇಡೀ ಓಣಿ. ಕಾಕಾ ಕೋಲಿನಿಂದ ಕೆದಕುತ್ತ ಮುಂದಾಳಾದ. ಮೂರನೆಯ ಮನೆಯ ಮುಂದೆ ಕೋಲು ಸಿಕ್ಕಿಕೊಂಡಿತು. ಅಲ್ಲಿ ಗಟಾರದ ಅರ್ಧ ಅಗಲವನ್ನು ನುಂಗಿ ಕೆಂಪು ಕಲ್ಲಿನ ಕಟ್ಟೆಯೊಂದು ನಿಂತಿತ್ತು.

"ಇದು ಯಾರ ಮನಿ?"

ಎಲ್ಲರೂ ನನ್ನನ್ನು ನೋಡಿದರು. ನಮ್ಮ ಓಣಿ ಒಂದೇ ಅಭಿಪ್ರಾಯಕ್ಕೆ ಬಂದದ್ದನ್ನು ನಾನು ಕಂಡದ್ದು ಅದೇ ಮೊದಲು.

ಕಟ್ಟೆ ಕಟ್ಟುವಾಗ ಕಲ್ಲು ಹೊತ್ತವನು ನಾನೇ. ಇನ್ನೂ ಒಂದು ಗೇಣು ಮುಂದೆ ಬರಲಿ, ಗೆಳೆಯರು ಕೂರಲು ಬೇಕು ಎಂದು ಗೌಂಡಿಗೆ ಹೇಳಿದವನೂ ನಾನೇ. ಈಗ ಅದರ ಮೇಲೆ ಅಪ್ಪ ಪೇಪರ್ ಓದುತ್ತ ಕೂತಿದ್ದ.

"ಅಪ್ಪಾ, ಸ್ವಲ್ಪ ಏಳ್ತೀಯೇನು?"

"ಯಾಕ?"

"ಸಭಾ ಬಂದೈತಿ."

ಅಪ್ಪ ಕೋಲು ನೋಡಿದ, ಗಟಾರ ನೋಡಿದ, ಪೇಪರ್ ಮಡಿಚಿದ. "ಊರು ಸುಧಾರಸ್ತೇನಿ ಅಂತಿದ್ದಿ. ನಮ್ಮ ಮನೀನೂ ಊರಾಗ ಐತಿ ಅಂತ ನನಗ ಹೊಳೀಲಿಲ್ಲ ನೋಡು."

ಆಮೇಲೆ ಚಿಗವ್ವನ ಕಡೆ ತಿರುಗಿ, "ಇಷ್ಟ ದಿನಾ ಒಂದ ಮಾತ ಹೇಳಬಾರದೇನವಾ?" ಎಂದ.

"ಗೊತ್ತಿದ್ದಿಲ್ರಿ ಅಣ್ಣಾರ," ಎಂದಳು. ಕಟ್ಟೆಯ ಕಡೆ ನೋಡಿ, "ಗೊತ್ತಿದ್ರೂ ಹೇಳ್ತಿದ್ದಿಲ್ಲೇನೋ," ಎಂದಳು.

ಠರಾವು ಅಲ್ಲೇ ಬರೆದಾಯಿತು, ಫೋಟೋದಲ್ಲಿ ಇಡೀ ಓಣಿ ಹಿಡಿಸಲಿಲ್ಲ. ಪಂಚಾಯ್ತಿಯವರು ಬರುವ ತನಕ ಅಪ್ಪ ಕಾಯಲಿಲ್ಲ. ಮರುದಿನ ಮುಂಜಾನೆ ಹಾರೆ ತಂದು ನನ್ನ ಕೈಗೆ ಕೊಟ್ಟ. ಎರಡನೆಯ ಕಲ್ಲು ಮೀಟಿದಾಗ ನಿಂತ ನೀರು ಒಮ್ಮೆಲೇ ನುಗ್ಗಿ ನನ್ನ ಮೊಣಕಾಲು ತೋಯಿಸಿಕೊಂಡು ಮುಂದೆ ಹರಿಯಿತು. ಮೂರು ಮನೆ ಆಚೆ, ಚಿಗವ್ವ ಬಾಗಿಲಲ್ಲಿ ಬಗ್ಗಿ ಗಟಾರ ನೋಡುತ್ತಿದ್ದಳು.

"ಇಳ್ಯಾಕತ್ತೈತಿ ತಮ್ಮಾ," ಎಂದಳು, "ನಿಂದರಸಬ್ಯಾಡ."