ಟೆಲಿಫೋನ್ ಅಕ್ಕ ಕಟ್ಟಿದ ಸೈಟು

ಆಸ್ಪತ್ರೆಯವರಿಗೆಲ್ಲ ಆಕೆ ಟೆಲಿಫೋನ್ ಅಕ್ಕ. ಇಪ್ಪತ್ತೆರಡು ವರ್ಷ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಬಂದ ಕರೆಗಳನ್ನೆಲ್ಲ ವಾರ್ಡುಗಳಿಗೆ ದಾಟಿಸಿದವಳು. ಆ ಎಕ್ಸ್‌ಚೇಂಜ್ ಕೋಣೆಯ ಕುರ್ಚಿಗೆ ನೆಟ್ಟಗಿದ್ದದ್ದು ಮೂರೇ ಕಾಲು, ನಾಲ್ಕನೆಯದಕ್ಕೆ ಹಳೆಯ ಡೈರೆಕ್ಟರಿಯ ಒತ್ತು, ಅದಿರಲಿ ಬಿಡಿ. ಎಕ್ಸ್‌ಚೇಂಜ್ ಮುಚ್ಚಿದಾಗ ಅಕ್ಕ ಮೂಲೆ ಹಿಡಿದು ಕೂರಲಿಲ್ಲ. ನಲವತ್ತೇಳನೆಯ ವಯಸ್ಸಿನಲ್ಲಿ ಕಂಪ್ಯೂಟರ್ ಕಲಿತು, ಆಸ್ಪತ್ರೆಯ ರಕ್ತನಿಧಿಗೊಂದು ವೆಬ್‌ಸೈಟನ್ನೇ ಕಟ್ಟಿಬಿಟ್ಟಳು, ಪುಣ್ಯಾತ್ಗಿತ್ತಿ!

ಅವತ್ತು ಹನ್ನೊಂದಕ್ಕೆ ದೊಡ್ಡ ಡಾಕ್ಟರು ಅದನ್ನು ನೋಡುವವರಿದ್ದರು. ಮೆಚ್ಚಿದರೆ ಅಕ್ಕನಿಗೆ ಕೆಲಸ ಖಾಯಂ, ಇಲ್ಲವಾದರೆ ಸೈಟಿನ ಕೆಲಸ ಹೊರಗಿನ ಕಂಪನಿಯ ಪಾಲು. ಹತ್ತೂ ಮುಕ್ಕಾಲಿಗೆ ಅಕ್ಕನ ಒಡಹುಟ್ಟಿದ ತಂಗಿ ಓಡಿಬಂದಳು. ರಕ್ತನಿಧಿಯ ನರ್ಸು ಅವಳು. ಅವಳು ನಡೆದದ್ದನ್ನು ಕಂಡವರೇ ಇಲ್ಲ, ಹುಟ್ಟಿದಾಗಿನಿಂದ ಬರೀ ಓಟ.

"ಅಕ್ಕಾ, ಸೈಟಲ್ಲಿ 'ತುರ್ತು' ಗುಂಡಿ ಒತ್ತಿದ್ರೆ 'ಈ ಗುಂಪಿನ ರಕ್ತ ಇಲ್ಲ' ಅಂತಿದೆ ಕಣೇ! ತುರ್ತು ಅನ್ನೋದು ಯಾವ ಗುಂಪೇ ಮಾರಾಯ್ತಿ?"

ಅಕ್ಕ ತಾನೇ ಒಮ್ಮೆ ಒತ್ತಿ ನೋಡಿದಳು. "ತಪ್ಪು ಕಂಟ್ರೋಲರ್‌ಗೆ ಹೋಗ್ತಿದೆ!"

"ಹಾಗಂದ್ರೆ?"

"ಕಂಟ್ರೋಲರ್ ಅಂದ್ರೆ ಎಕ್ಸ್‌ಚೇಂಜ್ ಕುರ್ಚೀಲಿ ಕೂತಿದ್ದ ನಾನೇ ಅಂದ್ಕೋ! ಬಂದೋರು ಏನು ಕೇಳಿದ್ರು ಅಂತ ನೋಡೋದು, ಒಳಗೆ ಎಷ್ಟಿದೆ ಅಂತ ವಿಚಾರಿಸೋದು, ಪುಟಕ್ಕೆ ಕೊಡೋದು. ಒಂದೊಂದು ಗುಂಡಿ ಒತ್ತಿದಾಗ್ಲೂ ಒಂದೊಂದು ವಿಳಾಸ ಬರುತ್ತೆ, ಯಾವ ವಿಳಾಸ ಯಾವ ಕಂಟ್ರೋಲರ್‌ಗೆ ಅಂತ ಹೇಳೋದು ಈ ರೂಟ್ ಪಟ್ಟಿ."

"ಪಾಠ ಆಮೇಲೆ ಮಾಡು, ಗಡಿಯಾರ ನೋಡು!"

ಅಕ್ಕ ಪಟ್ಟಿಯ ಮೇಲೆ ಬೆರಳಾಡಿಸಿದಳು. ಮೊದಲ ಸಾಲು: ವಿಳಾಸದಲ್ಲಿ 'ರಕ್ತ' ಆದಮೇಲೆ ಏನೇ ಬರಲಿ, ಅದನ್ನು ಗುಂಪಿನ ಹೆಸರೆಂದು ತಿಳಿದು ಗುಂಪಿನ ಕಂಟ್ರೋಲರ್‌ಗೆ ಕಳಿಸು. ಕಟ್ಟಕಡೆಯ ಸಾಲು: 'ರಕ್ತ' ಆದಮೇಲೆ 'ತುರ್ತು' ಬಂದರೆ ತುರ್ತಿನ ಕಂಟ್ರೋಲರ್‌ಗೆ. ಅಯ್ಯೋ ರಾಮ! ಎಕ್ಸ್‌ಚೇಂಜಿನಲ್ಲಿ ಜನ ಹೆಚ್ಚು ಕೇಳುವ ನಂಬರುಗಳನ್ನು ಬೋರ್ಡಿನ ಮೇಲ್ಗಡೆ ಅಂಟಿಸುತ್ತಿದ್ದಳಲ್ಲ, ಅದೇ ಅಭ್ಯಾಸದಲ್ಲಿ ಗುಂಪಿನ ಸಾಲನ್ನು ಮೇಲಿಟ್ಟಿದ್ದಳು. ಯಂತ್ರವೋ, ಮೇಲಿನಿಂದ ಓದುತ್ತಾ ಬಂದು, ಹೊಂದಿಕೆಯಾದ ಮೊದಲ ಸಾಲಿಗೇ ಒಪ್ಪಿಸಿ ಕೈತೊಳೆದುಕೊಳ್ಳುತ್ತದೆ. ಕೆಳಗಿನ ತುರ್ತಿನವರೆಗೆ ಅದು ಇಳಿಯುವುದೇ ಇಲ್ಲ!

ತುರ್ತಿನ ಸಾಲನ್ನು ಕಿತ್ತು ಪಟ್ಟಿಯ ನೆತ್ತಿಗೆ ಕೂರಿಸುವುದಕ್ಕೂ ಡಾಕ್ಟರು ಬಾಗಿಲು ತಳ್ಳುವುದಕ್ಕೂ ಸರಿಹೋಯಿತು. ಅವರು ಮೊದಲು ಒತ್ತಿದ್ದೇ 'ತುರ್ತು'. 'ಯಾವ ಗುಂಪು? ಯಾವ ವಾರ್ಡು?' ಎನ್ನುವ ಪುಟ ಥಟ್ಟನೆ ತೆರೆಯಿತು! ಡಾಕ್ಟರು ತುಂಬಿ ಕಳಿಸಿದರು. ಕೋರಿಕೆ ರಕ್ತನಿಧಿಗೆ ತಲುಪಿ, ತಂಗಿಯ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು.

"ಭೇಷ್! ಔಷಧಿ ವಿಭಾಗಕ್ಕೂ ಒಂದು ಮಾಡಿಕೊಡ್ತೀರೇನಮ್ಮ?"

"ಮಾಡ್ತೀನಿ ಸಾರ್," ಎಂದಳು ಅಕ್ಕ, ಮುಖವೆಲ್ಲ ಅರಳಿಸಿಕೊಂಡು. "ಮೊದಲು ಖಾಯಂ ಆರ್ಡರಿಗೆ ಸಹಿ ಹಾಕಿಬಿಡಿ. ಅದೂ ತುರ್ತೇ!"