ಆಸಕ್ತಿ ಇಲ್ಲ

ವರದಿಗೆ ಇನ್ನು ಬೇಕಿದ್ದದ್ದು ಪ್ರೊಫೆಸರಮ್ಮನ ಸಹಿ ಮಾತ್ರ. ಜೈಲಿನ ಹೆಂಗಸರ ಬ್ಯಾರಕ್ಕಿನ ಗ್ರಂಥಾಲಯದಿಂದ ವರ್ಷವಿಡೀ ಯಾರೂ ಒಂದು ಪುಸ್ತಕವನ್ನೂ ತೆಗೆದುಕೊಂಡಿಲ್ಲ. ಕಾರಣದ ಕಾಲಮ್ಮಿನಲ್ಲಿ ಗುಮಾಸ್ತ ‘ಆಸಕ್ತಿ ಇಲ್ಲ’ ಎಂದು ದುಂಡಗೆ ಬರೆದಿದ್ದ. ಅವಳು ಸಹಿ ಹಾಕಿದರೆ ಆ ಕೋಣೆ ಉಗ್ರಾಣವಾಗುತ್ತದೆ.

ಅಪರಾಧಶಾಸ್ತ್ರ ಕಲಿಸುತ್ತ, ತಪಾಸಣಾ ಸಮಿತಿಯ ಪರವಾಗಿ ಜೈಲು ಸುತ್ತುತ್ತ ಮೂವತ್ತೊಂದು ವರ್ಷ ಕಳೆದಿದ್ದವು. ತಿಂಗಳ ಕೊನೆಗೆ ನಿವೃತ್ತಿ.

“ಕೊನೇ ವರದಿ. ಸಹಿ ಹಾಕಿ ಕೈ ತೊಳ್ಕೊ,” ಎಂದ ಗಂಡ, ಪೇಪರಿನಿಂದ ತಲೆ ಎತ್ತದೆ. “ಆಮೇಲೆ ಮನೇಲಿ ಕೂತು ಆರಾಮಾಗಿ ಓದು.”

“ಮನೇಲಿ ನಾನು ಕೂತಿದ್ದನ್ನ ನೀವು ಯಾವಾಗ ನೋಡಿದ್ರಿ?”

ಅವನು ಪುಟ ತಿರುಗಿಸಿದ. ಇಬ್ಬರೂ ಒಂದೇ ವರ್ಷ ಪಿಎಚ್.ಡಿ. ಮಾಡಿದವರು. ಅವನದು ಬಾಗಿಲು ಹಾಕಿದ ಕೋಣೆಯಲ್ಲಿ ಆಯಿತು. ಅವಳದು ಒಲೆಯ ಪಕ್ಕ. ಹಾಲು ಉಕ್ಕುವುದರೊಳಗೆ ಒಂದು ಪ್ಯಾರಾ, ಅತ್ತೆಗೆ ಮಾತ್ರೆ ಕೊಟ್ಟು ಬಂದು ಇನ್ನೊಂದು. “ನಮ್ಮ ಸೊಸೆ ನಿಂತಲ್ಲೇ ಓದ್ತಾಳೆ” ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ಅದನ್ನು ಹೊಗಳಿಕೆ ಎಂದು ನಂಬಿದ್ದಕ್ಕೆ ಅವಳಿಗೆ ಈಗಲೂ ತನ್ನ ಮೇಲೇ ಸಿಟ್ಟು.

ಇಷ್ಟು ವರ್ಷ ಮೊದಲೇ ತಿಳಿಸಿ, ಬೆಳಿಗ್ಗೆ ಹತ್ತಕ್ಕೆ ಜೈಲಿಗೆ ಹೋಗುತ್ತಿದ್ದಳು. ಅವತ್ತು ಹೇಳದೆ ಕೇಳದೆ ಮಧ್ಯಾಹ್ನ ಎರಡೂವರೆಗೆ ಹೋದಳು. ಗ್ರಂಥಾಲಯ ತೆರೆದಿತ್ತು, ಎರಡರಿಂದ ನಾಲ್ಕು ಎಂದು ಬೋರ್ಡಿತ್ತು, ಒಳಗೆ ನರಪಿಳ್ಳೆ ಇರಲಿಲ್ಲ. ಹೆಂಗಸರೆಲ್ಲ ಹಿಂದಿನ ಜಗಲಿಯಲ್ಲಿ ಮೊರ ಹಿಡಿದು ಕೂತಿದ್ದರು. ಗಂಡಸರ ಆರು ಬ್ಯಾರಕ್ಕನ್ನೂ ಸೇರಿಸಿ ಇಡೀ ಜೈಲಿನ ಅಕ್ಕಿಯಲ್ಲಿ ಕಲ್ಲು ಆರಿಸುವುದು ಅವರ ಪಾಲಿನ ಕೆಲಸ. ಹೊತ್ತು, ಎರಡರಿಂದ ನಾಲ್ಕು.

“ಓದೋಕೆ ಹೋಗಲ್ವಾ?”

“ಓದ್ತಾ ಇದೀವಲ್ಲ ಪ್ರೊಫೆಸರಮ್ಮ,” ಎಂದಳು ಎಲ್ಲರೂ ದೊಡ್ಡಕ್ಕ ಎನ್ನುವ ಹಳೆಯ ಕೈದಿ, ಮೊರದಲ್ಲಿ ಅಕ್ಕಿ ಕೇರುತ್ತ. “ಕಪ್ಪಗಿರೋದು ಕಲ್ಲು, ಬೆಳ್ಳಗಿರೋದು ಅಕ್ಕಿ. ದಿನಾ ಇದೇ ಪಾಠ.”

“ಬಿಡುವು ಕೊಟ್ರೆ ಯಾವ ಪುಸ್ತಕ ಬೇಕು?”

“ಯಾವುದಾದ್ರೂ ಸರಿ, ಕೊನೇ ಪುಟ ಹರಿದಿರಬಾರದು. ಹಿಂದೆ ಓದಿದ್ರಲ್ಲಿ ಆ ಹುಡುಗಿ ಗಂಡನ್ನ ಬಿಟ್ಟಳೋ ಇಲ್ವೋ ಅಂತ ಮೂರು ವರ್ಷದಿಂದ ಕಿತ್ತಾಡ್ತಾ ಇದೀವಿ.”

ಹೆಂಗಸರ ಅಪರಾಧದ ಬಗ್ಗೆ ಅವಳು ಓದಿದ ಪುಸ್ತಕಗಳಲ್ಲೆಲ್ಲ ಕಾರಣಗಳ ಪಟ್ಟಿ ಇತ್ತು, ಕೆಲಸದ ಪಟ್ಟಿ ಇರಲಿಲ್ಲ. ಅವಳು ಬರೆದದ್ದರಲ್ಲೂ ಇರಲಿಲ್ಲ. ಅವಳು ನೇರ ಸೂಪರಿಂಟೆಂಡೆಂಟನ ಕೋಣೆಗೆ ಹೋಗಿ, ಆ ಕೆಲಸ ಹೆಂಗಸರಿಗೇ ಯಾಕೆ ಎಂದು ಕೇಳಿದಳು.

“ಅವರಿಗೆ ಅಭ್ಯಾಸ ಇರೋ ಕೆಲಸ ಮೇಡಂ,” ಎಂದ ಅವನು. “ಗಂಡಸರ ಕೈಲಿ ಆಗುತ್ತಾ?”

“ಮಚ್ಚು ಹಿಡಿದವರ ಕೈಗೆ ಉಳಿ ಕೊಟ್ಟು ಕುರ್ಚಿ ಮಾಡೋದು ಕಲಿಸಿದೀರಿ. ಕಲ್ಲು ಆರಿಸೋದು ಅದಕ್ಕಿಂತ ಕಷ್ಟವಾ?”

“ಹಾಗಲ್ಲ, ಗಂಡಸರಿಗೆ ಅದು ಓದೋ ಹೊತ್ತು.”

ಆಡಿದ ಮೇಲೆ ಅದು ಅವನ ಕಿವಿಗೂ ಬಿತ್ತು.

ಅವಳು ಚೀಲದಿಂದ ವರದಿ ತೆಗೆದು, ‘ಆಸಕ್ತಿ ಇಲ್ಲ’ದ ಮೇಲೆ ಗೀಟೆಳೆದು, ‘ಓದುವ ಹೊತ್ತಿನಲ್ಲಿ ಇವರಿಂದ ಗಂಡಸರ ಅಕ್ಕಿ ಆರಿಸಲಾಗುತ್ತಿದೆ’ ಎಂದು ಬರೆದು ಸಹಿ ಹಾಕಿದಳು.

“ಇದು ಮೇಲಕ್ಕೆ ಹೋದ್ರೆ ನನ್ನ ಗತಿ ಏನು ಮೇಡಂ?”

“ನಾಳೆಯಿಂದ ಆ ಮೂಟೆ ಗಂಡಸರ ಬ್ಯಾರಕ್ಕಿಗೆ ಹೋಗಲಿ. ‘ಆರಿಸಲಾಗುತ್ತಿತ್ತು’ ಅಂತ ತಿದ್ತೀನಿ. ಒಂದಕ್ಷರದ ಕೆಲಸ. ವಾರ ಪೂರ್ತಿ ಎರಡು ಗಂಟೆಗೆ ನಾನೇ ಬಂದು ನೋಡ್ತೀನಿ, ತಿದ್ದೋದು ಆಮೇಲೆ.”

ಅವನು ಫೋನೆತ್ತಿ, ಗಂಡಸರ ಕಡೆಗೆ ಎಷ್ಟು ಮೊರ ಬೇಕಾಗುತ್ತೆ ಎಂದು ಕೇಳಿದ. ಮೊರ ಎಂದರೆ ಏನೆಂದು ಆ ಕಡೆಯವನಿಗೆ ಎರಡು ಸಲ ಹೇಳಬೇಕಾಯಿತು. ಅವಳು ನಗಲಿಲ್ಲ.